ಪೊರೆ ಬಿಡುವ ಹೊತ್ತು

“ಬರೆದುಕೊಳ್ಳಿ ಮೇಡಂ. ತುಕ್ರಪ್ಪಣ್ಣನನ್ನು ಕೊಂದದ್ದು ನಾನೇ,” ಎಂದಳು ತ್ರಿಶಾ.

ಹೇಳುವಾಗ ಅವಳ ಅಂಗೈ ಮೇಜಿನ ಮೇಲಿದ್ದ ಹಳದಿ ಪೆಟ್ಟಿಗೆಯನ್ನು ಮುಟ್ಟಿಕೊಂಡಿತ್ತು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಪೆಟ್ಟಿಗೆಯ ನೆತ್ತಿಯಲ್ಲಿ ಸೈರನ್ನಿನ ಕೆಂಪು ಬಾಯಿ. ಹೊಟ್ಟೆಯಿಂದ ಹೊರಬಂದ ತಂತಿಯ ತುದಿಯಲ್ಲಿ ನೀರಿನ ಮಟ್ಟ ತಿಳಿಸುವ ತೇಲುಗುಂಡು. ಕಳೆದ ಗುರುವಾರದವರೆಗೆ ಅದು ವೇಣೂರಿನ ಆಚೆ, ಅತ್ತಿಗುಂಡಿಯ ಕಿಂಡಿ ಅಣೆಕಟ್ಟಿನ ಕಂಬದಲ್ಲಿತ್ತು. ಘಟ್ಟದ ಬುಡದಲ್ಲಿ ಮಳೆ ಸುರಿದು ಫಲ್ಗುಣಿ ಹೊಳೆ ಏರಿದಾಗ ಅದು ಕೂಗಬೇಕಿತ್ತು. ಕೂಗಲಿಲ್ಲ. ಹೊಳೆಗಿಳಿದು ಅಣೆಕಟ್ಟಿನ ಹಲಗೆಗಳನ್ನು ಕೀಳುತ್ತಿದ್ದ ತುಕ್ರಪ್ಪನನ್ನು ನೀರು ಕೊಂಡುಹೋಯಿತು. ಹೆಣ ಮರುದಿನ ಸಿಕ್ಕಿತು. ಫೋನ್ ಸಿಗಲಿಲ್ಲ, ಹೊಳೆಯ ಪಾಲು ಎಂದು ಎಲ್ಲರೂ ಕೈಬಿಟ್ಟಿದ್ದರು.

ಸಬ್ ಇನ್ಸ್‌ಪೆಕ್ಟರ್ ವಿಜೇತಾ ಪೆನ್ನು ತೆಗೆಯಲಿಲ್ಲ.

“ನೀವು ಮೂರನೆಯವರು,” ಎಂದಳು.

“ಎಂತದ್ದಕ್ಕೆ?”

“ಕೊಂದದ್ದು ನಾನು ಅಂತ ಹೇಳ್ಲಿಕ್ಕೆ. ಬೆಳಿಗ್ಗೆ ತುಕ್ರಪ್ಪನ ಮಗಳು ಕುಸುಮ ಠಾಣೆಗೆ ಬಂದು ಅದನ್ನೇ ಹೇಳಿದಳು. ಅಳು ಬಿಟ್ಟರೆ ಬೇರೆ ಮಾತು ಬರ್ಲಿಲ್ಲ. ಮತ್ತೆ ಈ ರಂಜಿತ್, ಜೀಪಿನಲ್ಲಿ ದಾರಿ ಇಡೀ ಅದೇ ರಾಗ. ಈಗ ನೀವು. ನನ್ನ ಸರ್ವಿಸಿನಲ್ಲಿ ಕಳ್ಳರು ಯಾರೂ ಇಷ್ಟು ಉಪಕಾರ ಮಾಡಿದ್ದಿಲ್ಲ.”

ಬಾಗಿಲ ಬಳಿ ನಿಂತಿದ್ದ ಜೀಪು ಚಾಲಕ ಅಬ್ದುಲ್ ನಾಸಿರ್ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ನನ್ನದೂ ಒಂದು ಇರ್ಲಿ ಮೇಡಂ. ಆ ಕಂಬ ನಡ್ಲಿಕ್ಕೆ ಗುಂಡಿ ತೋಡಿದ್ದು ನನ್ನ ಭಾವ.”

ಯಾರೂ ನಗಲಿಲ್ಲ. ಪೆಟ್ಟಿಗೆಗಳ ರಿಪೇರಿ ನೋಡಿಕೊಳ್ಳುವ ರಂಜಿತ್ ಮಾತ್ರ ತಲೆ ಇನ್ನಷ್ಟು ತಗ್ಗಿಸಿದ.

ಅದು ಮೂಡುಬಿದಿರೆಯ ಒಂದು ಹಳೆಯ ಅಕ್ಕಿಮಿಲ್ಲಿನ ಮಹಡಿ. ಗೋಡೆಗಳಲ್ಲಿ ಇನ್ನೂ ತೌಡಿನ ವಾಸನೆ. ಒಂದು ಕಾಲದಲ್ಲಿ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಕಾಯುತ್ತಿದ್ದ ದಪ್ಪ ಬಾಗಿಲಿಗೆ ಒಳಗೊಂದು ಚಿಲಕ, ಹೊರಗೊಂದು ಚಿಲಕ. ಈಗ ಅಲ್ಲಿ ಮುಡಿಗಳ ಬದಲು, ಪೆಟ್ಟಿಗೆಗಳಿಗೆ ತ್ರಿಶಾ ಸಾಫ್ಟ್‌ವೇರ್ ಬರೆಯುವ ಕಂಪ್ಯೂಟರುಗಳು. ಅವುಗಳ ಯಜಮಾನ ಡಾಕ್ಟರ್ ಸಮ್ಮೇದ್ ಕಿಟಕಿಯ ಬಳಿ ಕುಳಿತಿದ್ದರು. ಬಿಳಿ ಅಂಗಿ, ಮೆತ್ತಗಿನ ದನಿ. ಅವರೊಬ್ಬರೇ ಈವರೆಗೆ ಏನನ್ನೂ ಒಪ್ಪಿಕೊಂಡಿರಲಿಲ್ಲ.

“ನಿಮ್ಮ ಸಂಶೋಧನೆ ಎಂತದ್ದು ಅಂತ ನನ್ನಂಥವಳಿಗೆ ಅರ್ಥವಾಗುವ ಹಾಗೆ ಹೇಳಿ ಸರ್.”

“ಯಂತ್ರಗಳು ಹೆಚ್ಚು ಕೆಡುವುದು ಯಾವಾಗ ಗೊತ್ತುಂಟಾ? ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕುವಾಗ. ಕೆಡದ ಹಾಗೆ ಹಾಕುವುದು ಹೇಗೆ? ಅಷ್ಟೇ ನಮ್ಮ ಪ್ರಶ್ನೆ. ಎಲ್ಲಾ ಪೆಟ್ಟಿಗೆಗೆ ಒಟ್ಟಿಗೆ ಅಪ್‌ಗ್ರೇಡ್ ಕಳಿಸುವುದಿಲ್ಲ. ಮೊದಲು ಒಂದಕ್ಕೆ. ಅದು ಸರಿ ಇದ್ದರೆ ಮಾತ್ರ ಉಳಿದವಕ್ಕೆ.”

“ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಿದ ಹಾಗೆ.”

“ಹೌದು. ಅತ್ತಿಗುಂಡಿಯದ್ದು ಆ ಅಗುಳು.”

“ಬೆಂದಿದೆ ಅಂತ ಹೇಳುವವರು ಯಾರು?”

“ಯಂತ್ರ ಅಲ್ಲ. ಯಂತ್ರ ತನ್ನ ಬಗ್ಗೆ ಯಾವಾಗಲೂ ಒಳ್ಳೆಯದೇ ಹೇಳ್ತದೆ.” ಸಮ್ಮೇದ್ ಗೋಡೆಯ ಕಡೆ ತೋರಿಸಿದರು. “ಅವರು ಹೇಳ್ತಾರೆ.”

ಗೋಡೆಯಲ್ಲೊಂದು ದೊಡ್ಡ ಫೋಟೊ. ಇದೇ ಕೊಠಡಿಯಲ್ಲಿ ತೆಗೆದದ್ದು. ಪ್ರತಿ ಪೆಟ್ಟಿಗೆಗೂ ಒಬ್ಬ ಊರಿನವನನ್ನು ಆರಿಸಿ ‘ಕೇಳುಗ’ ಎಂದು ಹೆಸರಿಟ್ಟು, ತರಬೇತಿ ಕೊಟ್ಟ ದಿನದ ಚಿತ್ರ. ಅಪ್‌ಗ್ರೇಡ್ ಆದ ಮೇಲೆ ಪೆಟ್ಟಿಗೆ ಒಮ್ಮೆ ಸಣ್ಣಗೆ ಕೂಗಬೇಕು. ಕೇಳುಗನ ಫೋನಿಗೆ ಪ್ರಶ್ನೆ ಹೋಗುತ್ತದೆ. ಅವನು ಕಿವಿಯಾರೆ ಕೇಳಿ ‘ಕೇಳಿದೆ’ ಎಂದು ಒತ್ತಬೇಕು. ಒಂದು ಸಲ ಸಾಲದು. ಕೆಲವು ವಾರ ಬಿಟ್ಟು ಎರಡನೆಯ ಸಲವೂ ಒತ್ತಬೇಕು. ಆಗಲೇ ಉಳಿದ ಪೆಟ್ಟಿಗೆಗಳ ಸರದಿ.

“ತುಕ್ರಪ್ಪ ಮೊದಲ ಸಲ ಒತ್ತಿದ್ದ,” ಎಂದರು ಸಮ್ಮೇದ್. “ಎರಡನೆಯದಕ್ಕೆ ಮೊದಲೇ ಹೀಗಾಯಿತು. ಅಪ್‌ಗ್ರೇಡಿಗೆ ತಡೆ ಹಾಕಿದ್ದೇವೆ. ಬೇರೆ ಯಾವ ಪೆಟ್ಟಿಗೆಗೂ ಹೋಗಿಲ್ಲ.”

ವಿಜೇತಾ ಫೋಟೊದ ಹತ್ತಿರ ಹೋದಳು. ಹಿಂದಿನ ಬೋರ್ಡಿನಲ್ಲಿ ಮಹಡಿಯ ವೈಫೈ ಪಾಸ್‌ವರ್ಡ್ ದೊಡ್ಡ ಅಕ್ಷರದಲ್ಲಿತ್ತು. ಕ್ಯಾಮೆರಾ ಹಿಡಿದವರು ಏನೋ ತಮಾಷೆ ಹೇಳಿರಬೇಕು, ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ತುಕ್ರಪ್ಪ ಮಾತ್ರ ನಗುತ್ತಿರಲಿಲ್ಲ. ಅವನು ಪಕ್ಕದಲ್ಲಿದ್ದ ಮಗಳ ತುಟಿಗಳನ್ನು ನೋಡುತ್ತಿದ್ದ.

ಆ ನೋಟ ವಿಜೇತಾಳ ಮನಸ್ಸಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು.

“ರಂಜಿತ್,” ಎಂದಳು, “ನೀನು ಕೊಂದದ್ದು ಹೇಗೆ? ಈಗ ಹೇಳು.”

“ಮೌನದ ಗುಂಡಿ ಒತ್ತಿದ್ದು ನಾನು.” ಅವನು ಪೆಟ್ಟಿಗೆಯ ತಳದಲ್ಲಿದ್ದ ಸಣ್ಣ ಮುಚ್ಚಳ ಎತ್ತಿ ತೋರಿಸಿದ. “ಪರೀಕ್ಷೆಯ ಕೂಗು ಇದ್ದಕ್ಕಿದ್ದ ಹಾಗೆ ಬರ್ತದೆ ಮೇಡಂ. ಹೋದ ವರ್ಷ ಅತ್ತಿಗುಂಡಿಯ ನೇಮದಲ್ಲಿ, ರಾತ್ರಿ ಕೋಲ ಕಟ್ಟಿ ದೈವ ನುಡಿ ಕೊಡುವಾಗಲೇ ಕೂಗಿತು. ದೊಡ್ಡ ಗಲಾಟೆ ಆಯ್ತು. ಹಾಗೆ ಈ ವರ್ಷ ನೇಮದ ಸಂಜೆ ಇದನ್ನು ಒತ್ತಿದೆ. ಒತ್ತಿದ್ರೆ ಬೆಳಗಿನವರೆಗೆ ಸುಮ್ಮನಿರ್ತದೆ, ಮತ್ತೆ ತಾನೇ ಎದ್ದುಕೊಳ್ತದೆ. ನೀರು ಏರಿದ್ರೆ ಮಾತ್ರ ಮೌನ ಉಂಟಾ ಇಲ್ಲವಾ ನೋಡುವುದಿಲ್ಲ, ಕೂಗಿಯೇ ಕೂಗ್ತದೆ. ಹಾಗಂತ ಎಣಿಸಿದ್ದೆ.”

“ಯಾರನ್ನು ಕೇಳಿ ಒತ್ತಿದೆ?”

ರಂಜಿತ್ ಅವಳ ಮುಖ ನೋಡಿದ. ಕೂಡಲೇ ನೆಲ ನೋಡಿದ.

“ಹೇಳು ಮಾರಾಯ.”

“ನೀವೇ ಫೋನ್ ಮಾಡಿದ್ದು ಮೇಡಂ. ‘ಈ ಸಲ ಅದು ಬಾಯಿ ಬಿಡಬಾರದು’ ಅಂತ.”

ನೇಮದವರು ದೂರು ಕೊಟ್ಟಿದ್ದರು. ಅವಳು ಊಟದ ಹೊತ್ತಿಗೆ, ಇನ್ನೊಂದು ಕಡತ ನೋಡುತ್ತ, ಎರಡು ಮಾತಿನಲ್ಲಿ ಮುಗಿಸಿದ್ದ ಕರೆ. ಆಮೇಲೆ ಅದು ನೆನಪಿಗೂ ಬಂದಿರಲಿಲ್ಲ. ನಾಸಿರ್ ಬಾಗಿಲಾಚೆಯ ಮೆಟ್ಟಿಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ನಾಲ್ಕನೆಯವಳು, ಎಂದುಕೊಂಡಳು ವಿಜೇತಾ.

“ಆ ದಿನ ರಾತ್ರಿಯೇ ನಾನು ಅಪ್‌ಗ್ರೇಡ್ ಕಳಿಸಿದ್ದು,” ಎಂದಳು ತ್ರಿಶಾ. “ನೇಮ ಅಂತ ನನಗೆ ಗೊತ್ತಿರ್ಲಿಲ್ಲ. ಇಲ್ಲಿ ನೂರಾರು ಸಲ ಹಾಕಿ ನೋಡಿದ್ದೇವೆ. ಕರೆಂಟು ತೆಗೆದು, ನೆಟ್‌ವರ್ಕ್ ಕಡಿದು, ಎಲ್ಲ ಮಾಡಿದ್ದೇವೆ. ಮೌನದ ಗುಂಡಿ ಒತ್ತಿಟ್ಟು ಮಾತ್ರ ನೋಡಿಲ್ಲ. ನಮ್ಮ ಲ್ಯಾಬಿನಲ್ಲಿ ನೇಮ ಇಲ್ವಲ್ಲ ಮೇಡಂ.”

ವಿಜೇತಾಳ ಅಜ್ಜಿ ಹೇಳುತ್ತಿದ್ದ ಒಂದು ಕಥೆಯುಂಟು. ಪೊರೆ ಬಿಡುವ ಹೊತ್ತಿಗೆ ಹಾವಿನ ಕಣ್ಣಿಗೆ ಹಾಲು ಕಟ್ಟುತ್ತದೆ. ಆಗ ಅದಕ್ಕೆ ತನ್ನ ಹುತ್ತವೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಅದರ ಎದುರಿಗೆ ಹೋಗಬೇಡ ಮಗಾ. ಅದು ಕೆಟ್ಟದ್ದಲ್ಲ, ಕುರುಡು. ಆದರೆ ಜಾಣ ಹಾವು ಹಳೆಯ ಪೊರೆಯನ್ನು ಬಾಲದ ತುದಿಯಲ್ಲಿ ಸ್ವಲ್ಪ ಸಿಕ್ಕಿಸಿಕೊಂಡೇ ಇರುತ್ತದೆ. ಹೊಸ ಚರ್ಮ ಬಿಸಿಲಿಗೆ ಉರಿದರೆ ಹಿಂದಕ್ಕೆ ಹೊಕ್ಕುಬಿಡುವುದಕ್ಕೆ.

“ಇದಕ್ಕೆ ಹಳೆಯ ಸಾಫ್ಟ್‌ವೇರ್ ವಾಪಸು ಹಾಕ್ಲಿಕ್ಕೆ ಆಗ್ತದಾ?” ಎಂದು ಕೇಳಿದಳು.

“ಆಗ್ತದೆ. ಅದಕ್ಕೆ ದಾರಿ ಇಟ್ಟೇ ಮಾಡಿದ್ದು.”

“ಹಾಕಿ. ಮೌನದ ಗುಂಡಿ ಒತ್ತಿ. ಮತ್ತೆ ಆ ರಾತ್ರಿ ಕಳಿಸಿದ ಹಾಗೆಯೇ ಹೊಸದನ್ನು ಕಳಿಸಿ. ನನಗೆ ಕಣ್ಣಾರೆ ನೋಡಬೇಕು.”

ತ್ರಿಶಾ ಸಮ್ಮೇದರ ಕಡೆ ತಿರುಗಿದಳು. “ತಡೆ ತೆಗೆಯಬೇಕಾಗ್ತದೆ ಸರ್.”

“ತೆಗೆಯುವ. ತೆಗೆಯಲಿಕ್ಕೂ ಹಾಕಲಿಕ್ಕೂ ಇಬ್ಬರ ಒಪ್ಪಿಗೆ ಬೇಕು, ಇಬ್ಬರೂ ಇದ್ದೇವೆ.”

“ಮುಂದೆ ಹೋದ್ರೆ?”

“ಹೇಗೆ ಹೋಗ್ತದೆ? ಎರಡನೆಯ ‘ಕೇಳಿದೆ’ ಬರಬೇಕಲ್ಲ. ಒತ್ತುವವನು ಎಲ್ಲಿದ್ದಾನೆ?”

ಮಾತು ಸರಿಯಾಗಿತ್ತು. ಆದರೂ ಅದನ್ನು ಕೇಳಿ ವಿಜೇತಾ ಇನ್ನೊಮ್ಮೆ ಫೋಟೊದ ಕಡೆ ನೋಡಿದಳು.

ಮೊದಲು ಹಳೆಯದು. ಮೌನದ ಗುಂಡಿ ಒತ್ತಿದರು. ರಂಜಿತ್ ತೇಲುಗುಂಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದ, ಹೊಳೆ ಏರಿದ ಹಾಗೆ. ಪೆಟ್ಟಿಗೆ ಕೂಗಿತು. ಮಹಡಿಯ ಹಂಚುಗಳು ನಡುಗಿದವು. ಕೆಳಗೆ ಬೀದಿಯಲ್ಲಿ ಒಂದು ನಾಯಿ ದನಿಗೂಡಿಸಿತು. ನಾಸಿರ್ ಎರಡೂ ಕಿವಿ ಮುಚ್ಚಿಕೊಂಡ.

ಆಮೇಲೆ ತ್ರಿಶಾ ಹೊಸದನ್ನು ಕಳಿಸಿದಳು. ಪೆಟ್ಟಿಗೆಯ ಹಸಿರು ದೀಪ ಆರಿ, ಮಿನುಗಿ, ಮತ್ತೆ ನಿಂತಿತು.

“ಈಗ ಎತ್ತು,” ಎಂದಳು ವಿಜೇತಾ.

ರಂಜಿತ್ ಗುಂಡನ್ನು ಎದೆಯ ಎತ್ತರಕ್ಕೆ ತಂದ. ತಲೆಯ ಮೇಲಕ್ಕೂ ಎತ್ತಿದ. ಪೆಟ್ಟಿಗೆ ಸುಮ್ಮನಿತ್ತು. ಪರದೆಯ ಮೇಲೆ ಮಾತ್ರ ಒಂದು ಸಾಲು ಮೂಡಿತು: ‘ಎಲ್ಲವೂ ಸರಿಯಾಗಿದೆ.’

ಗುಂಡು ಹಿಡಿದ ಅವನ ಕೈ ಕೆಳಗೆ ಬರಲೇ ಇಲ್ಲ. ತ್ರಿಶಾ ಮೆಲ್ಲಗೆ ಅದನ್ನು ಬಿಡಿಸಿಕೊಂಡಳು.

“ಹಳೆಯದಕ್ಕೆ ಎರಡು ನಿಯಮ ಗೊತ್ತಿತ್ತು,” ಎಂದಳು ಅವಳು, ತನಗೇ ಹೇಳಿಕೊಂಡಂತೆ. “ಮೌನ ಬೆಳಗಿನವರೆಗೆ ಮಾತ್ರ. ನೀರು ಏರಿದರೆ ಮೌನ ಇಲ್ಲ. ಹೊಸದಕ್ಕೆ ಆ ಎರಡೂ ತಲುಪ್ಲಿಲ್ಲ. ಮೌನ ಒಂದೇ ತಲುಪಿದ್ದು.”

“ಇವತ್ತು ಎಷ್ಟು ಕಡೆ ಮೌನದ ಗುಂಡಿ ಒತ್ತಿ ಉಂಟು ರಂಜಿತ್?”

“ನಾಳೆ ಪತ್ತನಾಜೆ ಅಲ್ವಾ ಮೇಡಂ. ಈ ವರ್ಷದ ನೇಮಗಳಿಗೆ ಇವತ್ತೇ ಕೊನೆ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಹೆಚ್ಚಿನ ಪೆಟ್ಟಿಗೆಗಳಲ್ಲಿ ಮಧ್ಯಾಹ್ನವೇ ಒತ್ತಿಯಾಗಿದೆ. ಹಳೆಯ ಸಾಫ್ಟ್‌ವೇರ್ ಇದೆಯಲ್ಲ, ಹೆದರಿಕೆ ಇಲ್ಲ.”

ಪರದೆಯಲ್ಲಿ ಊರುಗಳ ಪಟ್ಟಿ ಇತ್ತು. ನೇತ್ರಾವತಿಯ ದಂಡೆಯಲ್ಲಿ ಒಂದೊಂದೇ ಹೆಸರು ಇಳಿದು, ಕೊನೆಯದು ಬಂಟ್ವಾಳದ ಕೆಳಗಿನ ಪೇಟೆ. ಅಲ್ಲಿ, ಹೊಳೆಗೆ ಮುಖ ಮಾಡಿದ ವಿಜೇತಾಳ ಮನೆಯ ಚಾವಡಿಯಲ್ಲಿ, ಈ ಹೊತ್ತಿಗೆ ಅಜ್ಜಿ ಎಲೆ ಅಡಿಕೆ ಕುಟ್ಟುತ್ತ ಅಮ್ಮನಲ್ಲಿ ಏನೋ ತಪ್ಪು ಹುಡುಕುತ್ತಿರಬೇಕು. ರಾತ್ರಿ ಘಟ್ಟದಲ್ಲಿ ಭಾರಿ ಮಳೆ ಎಂದು ಬೆಳಿಗ್ಗೆಯೇ ಸೂಚನೆ ಬಂದಿತ್ತು.

ಪಟ್ಟಿಯ ಮೇಲ್ಗಡೆ ಇನ್ನೊಂದು ಸಾಲು: ‘ಅತ್ತಿಗುಂಡಿ. ಕೇಳುಗ: ತುಕ್ರಪ್ಪ. ಉತ್ತರಕ್ಕಾಗಿ ಕಾಯುತ್ತಿದೆ.’

“ಇದು ಎಂತ?”

“ಹೊಸದು ಹೋದ ಕೂಡಲೇ ಕೇಳುಗನಿಗೆ ಪ್ರಶ್ನೆ ಹೋಗ್ತದೆ. ತಾನಾಗಿ,” ಎಂದಳು ತ್ರಿಶಾ. ಅವಳ ದನಿ ಬಿದ್ದುಹೋಗಿತ್ತು. “ಸರ್, ತಡೆ ವಾಪಸು ಹಾಕುವ.”

ಸಮ್ಮೇದ್ ಕಿಟಕಿಯಾಚೆಯ ಬಿಸಿಲನ್ನು ನೋಡಿ ಎದ್ದರು. “ನನ್ನ ಒಪ್ಪಿಗೆಯ ಸಂಖ್ಯೆ ಬರುವುದು ಮನೆಯಲ್ಲಿರುವ ಫೋನಿಗೆ. ಬೆಳಿಗ್ಗೆ ಬಂದದ್ದು ತಡೆ ತೆಗೆಯುವಾಗ ಮುಗಿಯಿತು, ಹಾಕ್ಲಿಕ್ಕೆ ಹೊಸದು ಬೇಕು. ಹೊತ್ತು ಮುಳುಗುವ ಮೊದಲು ನನ್ನ ಊಟ ಆಗಬೇಕು. ಊಟ ಮಾಡಿ ಫೋನ್ ಹಿಡಿದುಕೊಂಡೇ ಬರ್ತೇನೆ. ಅಷ್ಟರವರೆಗೆ ಆ ಪ್ರಶ್ನೆ ಕಾಯುವುದಾದರೆ ಕಾಯಲಿ.”

ಸೂರ್ಯಾಸ್ತದ ನಂತರ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವೆಂದು ಪೇಟೆಗೇ ಗೊತ್ತು. ವಿಜೇತಾ ತಡೆಯಲಿಲ್ಲ. ಅವಳ ಮನಸ್ಸು ಫೋಟೊದಲ್ಲಿತ್ತು.

*

ವಿಜೇತಾ ಅತ್ತಿಗುಂಡಿಗೆ ಬಂದಾಗ ಕುಸುಮ ಜಗಲಿಯಲ್ಲಿ ಬೀಡಿಯ ಗೆರಸೆ ಮುಂದಿಟ್ಟುಕೊಂಡು ಕುಳಿತಿದ್ದಳು. ಎಲೆಗಳು ಕತ್ತರಿಸಿದ ಹಾಗೆಯೇ ಇದ್ದವು, ಒಂದನ್ನೂ ಸುತ್ತಿರಲಿಲ್ಲ. ಎದುರಿಗೆ ಗದ್ದೆ, ಗದ್ದೆಯಾಚೆ ಅಣೆಕಟ್ಟು, ಪೆಟ್ಟಿಗೆಯಿಲ್ಲದ ಬೋಳು ಕಂಬ.

“ನಾನು ಬೆಳಿಗ್ಗೆ ಹೇಳಿದ್ದೇನಲ್ಲ ಅಕ್ಕ. ಕೈಕೋಳ ತಂದಿದ್ದೀರಾ?”

“ಕೈಕೋಳ ಜೀಪಿನಲ್ಲಿ ಉಂಟು. ನಾಸಿರ್ ಅದರಲ್ಲಿ ಡಿಕ್ಕಿಯ ಬಾಗಿಲು ಕಟ್ಟಿದ್ದಾರೆ.” ವಿಜೇತಾ ಪಕ್ಕದಲ್ಲೇ ಕುಳಿತಳು. “ಕುಸುಮ, ಅಪ್ಪನಿಗೆ ಕಿವಿ ಎಷ್ಟು ಕೇಳ್ತಿತ್ತು?”

ಕುಸುಮಳ ಬೆರಳುಗಳು ಒಂದು ಎಲೆಯನ್ನು ಸುತ್ತಿದವು, ಬಿಚ್ಚಿದವು.

“ಎಡದ್ದು ಪೂರಾ ಹೋಗಿತ್ತು. ಬಲದ್ದರಲ್ಲಿ, ಹತ್ತಿರ ನಿಂತು ಕೂಗಿದ್ರೆ ಸ್ವಲ್ಪ.”

“ಹಾಗಿದ್ದೂ ಕೇಳುಗ ಆದದ್ದು ಹೇಗೆ?”

“ಊರಿನವರೆಲ್ಲ ಸೇರಿ ಅವರನ್ನೇ ಆರಿಸಿದ್ರು. ಹೊಳೆ ಗೊತ್ತಿರುವವ ತುಕ್ರಪ್ಪನೇ ಅಂತ. ಅಷ್ಟು ಜನರ ಮುಂದೆ ನನಗೆ ಕಿವಿ ಇಲ್ಲ ಅಂತ ಹೇಗೆ ಹೇಳುವುದು? ಗೊತ್ತಾದ್ರೆ ನೀರಿಗೆ ಇಳಿಲಿಕ್ಕೂ ಬಿಡ್ಲಿಕ್ಕಿಲ್ಲ ಅಂತ ಹೆದರಿಕೆ. ನಾನಿದ್ದೇನಲ್ಲ ಅಂದೆ. ಕೇಳುವುದು ನಾನು, ಒತ್ತುವುದು ಅವರು. ಯಾರಿಗೂ ಗೊತ್ತಾಗ್ಲಿಲ್ಲ.”

“ನೇಮದ ಮರುದಿನ ಬೆಳಿಗ್ಗೆ?”

“ನಾನು ನೇಮದ ಮನೆಯಲ್ಲಿ ಪಾತ್ರೆ ತೊಳೀತಾ ಇದ್ದೆ. ಬರುವಾಗ ಒತ್ತಿಯಾಗಿತ್ತು. ಎಂತ ಕೇಳಿ ಒತ್ತಿದ್ರಿ ಅಂತ ಕೈಸನ್ನೆ ಮಾಡಿದೆ. ನಕ್ಕರು. ‘ಪ್ರತಿ ಸಲ ಕೂಗ್ತದೆ, ಈ ಸಲ ಮಾತ್ರ ಕೂಗದೆ ಇರ್ತದಾ’ ಅಂದ್ರು. ನಾನೂ ನಕ್ಕೆ.”

ಗದ್ದೆಯಲ್ಲಿ ಒಂದು ಬೆಳ್ಳಕ್ಕಿ ಕಾಲು ಬದಲಿಸಿತು.

“ಗುರುವಾರ ನೀರಿನ ಬಣ್ಣ ತಿರುಗಿದ್ದು ನಾನು ಇಲ್ಲಿಂದಲೇ ನೋಡಿದೆ,” ಎಂದಳು ಕುಸುಮ. “ತರಗೆಲೆ ರಾಶಿ ರಾಶಿ ಬರ್ತಾ ಇತ್ತು. ಸಣ್ಣವಳಿರುವಾಗ ಅಪ್ಪನೇ ಹೇಳಿಕೊಟ್ಟದ್ದು, ತರಗೆಲೆ ಬಂದ್ರೆ ಹಿಂದೆ ಹೊಳೆ ಬರ್ತದೆ ಅಂತ. ಮೈ ಒರೆಸುವ ಕೆಂಪು ಬೈರಾಸು ಹಿಡಿದುಕೊಂಡು ಇದೇ ಮೆಟ್ಟಿಲಲ್ಲಿ ನಿಂತಿದ್ದೆ. ಸೈರನ್ ಆದ ಕೂಡಲೇ ಓಡುವುದು, ದಂಡೆಯಲ್ಲಿ ನಿಂತು ಬೀಸುವುದು, ಅವರು ಮೇಲೆ ಬರುವುದು. ಹಾಗೆ ನಮ್ಮ ಲೆಕ್ಕ. ಸೈರನ್ ಆಗ್ಲಿಲ್ಲ. ಹಾಗಾದ್ರೆ ಇನ್ನೂ ಹೊತ್ತು ಉಂಟು ಅಂತ ಎಣಿಸಿದೆ.”

ಅವಳು ಗೆರಸೆಯನ್ನು ಪಕ್ಕಕ್ಕೆ ಸರಿಸಿದಳು.

“ಕಣ್ಣು ಹೇಳಿದ್ದನ್ನು ನಂಬ್ಲಿಲ್ಲ ಅಕ್ಕ. ಪೆಟ್ಟಿಗೆ ಹೇಳ್ಲಿ ಅಂತ ಕಾದೆ.”

ಆ ಪೆಟ್ಟಿಗೆಯ ಬಾಯಿ ಮುಚ್ಚಿಸಲು ಹೇಳಿದವಳು ನಾನು ಎಂದು ವಿಜೇತಾ ಹೇಳಬೇಕಿತ್ತು. ಆ ಮಾತು ಪ್ರಶ್ನೆಯ ವೇಷ ಹಾಕಿಕೊಂಡು ಹೊರಬಂತು.

“ಅಪ್ಪ ಹೊಳೆಗಿಳಿಯುವಾಗ ಫೋನ್ ಜೇಬಿನಲ್ಲೇ ಇರ್ತಿತ್ತಾ?”

“ಛೆ, ಇಲ್ಲ. ಅಂಗಿ ಬಿಚ್ಚಿ, ಅದರೊಳಗೆ ಫೋನ್ ಸುತ್ತಿ, ಅಣೆಕಟ್ಟಿನ ಮೇಲೆ ಕಲ್ಲಿನಡಿ ಇಡುವುದು. ನೀರು ಅಲ್ಲಿಗೆ ಹತ್ತುವುದಿಲ್ಲ.”

“ಅಂಗಿ ಎಲ್ಲಿ?”

ಕುಸುಮ ಒಳಗೆ ಹೋಗಿ ತಂದಳು. ನೀಲಿ ಗೆರೆಯ ಅಂಗಿ. ಮಡಿಕೆ ಇನ್ನೂ ಹಾಗೆಯೇ ಇತ್ತು. ಮಡಿಕೆಯ ನಡುವೆ ಫೋನಿನಷ್ಟೇ ಅಗಲದ ತಗ್ಗು. ಬಟ್ಟೆಗೆ ಒಂದು ಹನಿ ನೀರು ತಾಗಿದ ಕಲೆಯಿರಲಿಲ್ಲ.

ಹಾಗಾದರೆ ಫೋನನ್ನು ಹೊಳೆ ಒಯ್ದಿರಲಿಲ್ಲ.

“ಇದನ್ನು ನಿನಗೆ ತಂದು ಕೊಟ್ಟದ್ದು ಯಾರು?”

“ನಾನೇ ಹೋಗಿ ತೆಗೆದದ್ದು, ಶುಕ್ರವಾರ. ಅಪ್ಪ ಸಿಕ್ಕಿದ ಮೇಲೆ.”

“ಅದಕ್ಕೆ ಮೊದಲು ಅಣೆಕಟ್ಟಿನ ಮೇಲೆ ಯಾರು ಹೋಗಿದ್ರು?”

“ಪೆಟ್ಟಿಗೆ ಬಿಚ್ಚಲಿಕ್ಕೆ ಬಂದವರು. ಆ ದೊಡ್ಡ ಸರ್, ಹುಡುಗಿ, ಮತ್ತೆ ರಂಜಿತಣ್ಣ. ಮೂವರೂ ಹೋಗಿದ್ರು.”

ಅಷ್ಟರಲ್ಲಿ ವಿಜೇತಾಳ ಫೋನ್ ರಿಂಗಾಯಿತು. ತ್ರಿಶಾ.

“ಮೇಡಂ, ಉತ್ತರ ಬಂತು.”

“ಯಾರದ್ದು?”

“ತುಕ್ರಪ್ಪಣ್ಣನದ್ದು. ‘ಕೇಳಿದೆ’ ಅಂತ.”

ಅಂಗಿ ವಿಜೇತಾಳ ಮಡಿಲಿನಿಂದ ಜಾರಿತು. “ಪೆಟ್ಟಿಗೆ ಕೂಗಿತಾ?”

“ಇಲ್ಲ. ನನ್ನ ಎದುರಿಗೇ ಸುಮ್ಮನೆ ಕೂತಿದೆ. ಆದರೆ ಎರಡನೆಯ ‘ಕೇಳಿದೆ’ ಅಲ್ವಾ. ಅಪ್‌ಗ್ರೇಡ್ ಹೊರಟಿದೆ. ಬೆಳ್ತಂಗಡಿಯ ಎರಡು ಪೆಟ್ಟಿಗೆಗೆ ಮುಟ್ಟಿಯಾಯಿತು. ಸಾಲಾಗಿ ಕೆಳಗೆ ಬರ್ತಾ ಉಂಟು. ತಡೆ ಹಾಕ್ಲಿಕ್ಕೆ ಸರ್ ಬೇಕು, ಅವರು ಫೋನ್ ತೆಗೀತಾ ಇಲ್ಲ.”

“ರಂಜಿತ್?”

“ಕೆಳಗೆ ಮೆಟ್ಟಿಲಲ್ಲಿ ಇದ್ದ. ಈಗ ಕರೆದ್ರೆ ಉತ್ತರ ಇಲ್ಲ.”

ನಾಸಿರ್ ಆಗಲೇ ಜೀಪು ತಿರುಗಿಸುತ್ತಿದ್ದ. ವಿಜೇತಾ ಗದ್ದೆಯ ಬದುವಿನ ಮೇಲೆ ಓಡುತ್ತಲೇ ಕೇಳಿದಳು. “ಆ ಫೋನ್ ಎಲ್ಲಿಂದ ಉತ್ತರ ಕೊಟ್ಟಿತು ಅಂತ ನೋಡ್ಲಿಕ್ಕೆ ಆಗ್ತದಾ?”

“ನೋಡಿದೆ.” ಆಚೆ ಕಡೆಯ ದನಿ ಪಿಸುಮಾತಿಗೆ ಇಳಿಯಿತು. “ನಮ್ಮ ವೈಫೈಯಿಂದ. ತರಬೇತಿಯ ದಿನ ಸೇರಿಸಿದ್ದೆವಲ್ಲ, ಹತ್ತಿರ ಬಂದ ಕೂಡಲೇ ತಾನಾಗಿ ಸೇರಿಕೊಂಡಿದೆ.”

“ಹತ್ತಿರ ಅಂದ್ರೆ?”

“ಈ ಮಿಲ್ಲಿನ ಗೋಡೆಯಿಂದ ಹೊರಗೆ ಅದು ಸಿಗುವುದಿಲ್ಲ ಮೇಡಂ.”

ಪಡುವಣ ಕಡೆ ಬಿಸಿಲು ಇನ್ನೂ ಇತ್ತು. ಮೂಡಣದಲ್ಲಿ, ಘಟ್ಟದ ಮೇಲೆ, ಆಕಾಶಕ್ಕೆ ಹಾವಿನ ಕಣ್ಣಿನಂಥ ಬಿಳಿ ಪೊರೆ ಕಟ್ಟುತ್ತಿತ್ತು.

“ತ್ರಿಶಾ, ಕೇಳಿ. ಮೊದಲು ಬಾಗಿಲು ಹಾಕಿಕೊಳ್ಳಿ.”

ಆಚೆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಹೆಜ್ಜೆಗಳು. ಮರದ ಬಾಗಿಲನ್ನು ಎಳೆದ ಸದ್ದು. ಇನ್ನೊಮ್ಮೆ ಎಳೆದ ಸದ್ದು.

“ಹಾಕಿಯೇ ಉಂಟು ಮೇಡಂ,” ಎಂದಳು ತ್ರಿಶಾ. “ಹೊರಗಿನಿಂದ.”